ತಕ್ಕಡಿಯ ಮುಳ್ಳು

"ಇದೂ ದಂಡ!" ಎನ್ನುತ್ತ ಹಾರ್ಲನ್ ಇನ್ನೊಂದು ಗುಂಡನ್ನು ಕಾಫಿ ಡಬ್ಬಿಗೆ ಎಸೆದ. ಮೊಂಟಾನಾದ ರೈಫಲ್ ಪಂದ್ಯಕ್ಕೆ ಉಳಿದಿದ್ದು ಒಂದೇ ದಿನ. ತೋಟಾದ ಹಿತ್ತಾಳೆ ಕೋಶಕ್ಕೆ ಕೂರಿಸುವ ಮೊದಲು ಗುಂಡುಗಳನ್ನು ಒಂದೊಂದಾಗಿ ತೂಗಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸಾವಿರ ಗಜದಾಚೆ ಗುರಿ ತಪ್ಪುತ್ತದೆ. ಬೇಡವಾದ ಗುಂಡುಗಳ ಡಬ್ಬಿ ಆಗಲೇ ಅರ್ಧ ತುಂಬಿತ್ತು.

"ಈ ಕಂಪನಿಯೋರಿಗೆ ಮಾನ ಮರ್ಯಾದೆ ಒಂದೂ ಇಲ್ಲ!" ಮೂಗು ತಕ್ಕಡಿಗೆ ತಾಗುವಷ್ಟು ಬಗ್ಗಿ, ಮುಳ್ಳು ನೋಡುತ್ತಲೇ ಅವನು ಬೈದ. ಪಕ್ಕದಲ್ಲಿ ಖಾಲಿ ತೋಟಾ ಒರೆಸುತ್ತಿದ್ದ ಹೆಂಡತಿ ಟ್ವೈಲಾಳ ಕೈ ತಟ್ಟನೆ ನಿಂತಿತು.

"ಇನ್ನೊಂದ್ಸಲ ಬೈಯಿ, ನೋಡೋಣ."

"ಯಾಕೇ?" ಎಂದ ಅವನು. ಅವನ ಉಸಿರಿಗೆ ಮುಳ್ಳು ನಡುಗಿತು.

ಟ್ವೈಲಾ ಹಾರಿ ಬಂದು ಅವನ ಬಾಯಿಗೆ ಅಂಗೈ ಒತ್ತಿದಳು. ಡಬ್ಬಿಯಿಂದ ಒಂದು ಗುಂಡು ತೆಗೆದು ತಟ್ಟೆಗಿಟ್ಟಳು. ಮುಳ್ಳು ಸರಿಯಾಗಿ ಗೆರೆಯ ಮೇಲೆ ನಿಂತಿತು. ಎರಡನೆಯದಕ್ಕೂ ಅಲ್ಲೇ ನಿಂತಿತು, ಮೂರನೆಯದಕ್ಕೂ ಅಲ್ಲೇ!

"ಗುಂಡು ದಂಡ ಅಲ್ಲ ಕಣೋ, ನಿನ್ನ ಬಾಯಿ ದಂಡ!" ಕುಣಿದಾಡುತ್ತ ಅವಳು ಕೈ ತೆಗೆದಳು.

ಹಾರ್ಲನ್ ಏನೋ ಹೇಳಲು ಬಾಯಿ ತೆರೆದವನು, ಮುಳ್ಳಿನ ಕಡೆ ನೋಡಿ, ಹಾಗೇ ಮುಚ್ಚಿಕೊಂಡ. ಆಮೇಲೆ ಉಸಿರು ಬಿಗಿಹಿಡಿದು ಇಡೀ ಡಬ್ಬಿಯನ್ನು ಅವಳ ಮುಂದೆ ಸುರಿದ.