ಶುಕ್ರವಾರದ ಕೋಳಿಗಳು

ಬೋಳುಕತ್ತಿನ ಹೇಂಟೆಯೂ ಮಾಯವಾಗಿತ್ತು.

ಲೋಕೇಶ್ ಮುಸ್ಸಂಜೆಯ ಮಬ್ಬಿನಲ್ಲಿ ಗೂಡಿನೊಳಗೆ ಟಾರ್ಚ್ ಬಿಟ್ಟು ಇನ್ನೊಮ್ಮೆ ನೋಡಿದ. ಉಳಿದ ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅಂಗಳದಲ್ಲಿ ಗರಿಯಿಲ್ಲ, ರಕ್ತವಿಲ್ಲ. ಕಾಡುಬೆಕ್ಕಾಗಿದ್ದರೆ ಇಷ್ಟು ಅಚ್ಚುಕಟ್ಟಾಗಿ ಹೋಗುತ್ತಿರಲಿಲ್ಲ. ನಾಯಿಯೂ ಬೊಗಳಿಲ್ಲವಂತೆ. ಮೊದಲು ಬಾಲ ಮುರಿದ ಹುಂಜ, ಆಮೇಲೆ ಚುಕ್ಕೆ ಹೇಂಟೆ, ಈಗ ಇದು. ಎಲ್ಲವೂ ಶುಕ್ರವಾರವೇ.

"ಗುರುತಿದ್ದವರದ್ದೇ ಕೆಲಸ," ಎಂದ.

ಒಲೆಯ ಮುಂದಿದ್ದ ಹೆಂಡತಿ ಯಮುನಾ ತಲೆಯೆತ್ತಲಿಲ್ಲ. "ಇರಬಹುದು," ಎಂದಳು.

ಅವು ಅವಳು ಸಾಕಿದ ಕೋಳಿಗಳು. ಹೇಂಟೆಯನ್ನು ಕಾವಿಗೆ ಕೂರಿಸಿ, ಮರಿಗಳನ್ನು ಗಿಡುಗನ ಕಣ್ಣಿನಿಂದ ಕಾದು ದೊಡ್ಡದು ಮಾಡಿದವಳು. ಆದರೂ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಗಟ್ಟಿ ಹೆಂಗಸು ಎಂದುಕೊಂಡ ಲೋಕೇಶ್.

ಚೆಟ್ಟಳ್ಳಿ ಬಳಿಯ ಎಸ್ಟೇಟೊಂದರಲ್ಲಿ ಅವನು ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್. ಕೆಲಸದವರ ಮೇಲೆ ಕಣ್ಣಿಟ್ಟು ಅಭ್ಯಾಸ. ಯಾರು ಎಲ್ಲಿ ನಿಂತರು, ಯಾರೊಡನೆ ಮಾತಾಡಿದರು, ಎಲ್ಲವೂ ಅವನಿಗೆ ಗೊತ್ತಿರಬೇಕು. ಮನೆಯಲ್ಲೂ ಅಷ್ಟೇ. ಯಮುನಾ ವಾರಕ್ಕೊಮ್ಮೆ ಮಡಿಕೇರಿಯ ಹೊಲಿಗೆ ಕ್ಲಾಸಿಗೆ ಹೋಗಿ ಬಂದರೆ ಅವಳ ಮೊಬೈಲ್ ತೆಗೆದು ನೋಡುತ್ತಿದ್ದ, ಬಟ್ಟೆಚೀಲವನ್ನು ಕೊಡವುತ್ತಿದ್ದ. ತುಂಡುಬಟ್ಟೆ ಬಿಟ್ಟರೆ ಅದರಲ್ಲಿ ಏನೂ ಇರುತ್ತಿರಲಿಲ್ಲ.

ಅವನ ಅನುಮಾನ ಪಕ್ಕದ ಮನೆಯ ಬೊಳ್ಳಪ್ಪನ ಮೇಲೆ. ಶುಕ್ರವಾರ ಮಡಿಕೇರಿ ಸಂತೆಗೆ ಬಾಳೆಗೊನೆ, ಕೆಸುವಿನ ಗೆಡ್ಡೆ ಒಯ್ಯುವವನು. ಗೋಣಿಯೊಳಗೆ ಇನ್ನೇನಿತ್ತೋ ಯಾರು ಕಂಡರು? ಮರುದಿನ ಬೆಳಿಗ್ಗೆಯೇ ಲೋಕೇಶ್ ಬೇಲಿ ಬಳಿ ನಿಂತು ಕೇಳಿದ.

"ನನ್ನ ಕೋಳಿ ಎಲ್ಲಿ ಬೊಳ್ಳಪ್ಪಣ್ಣ?"

ಬೊಳ್ಳಪ್ಪ ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟ. "ನಂಗೆಂತ ಗೊತ್ತು ಮಾರಾಯ? ಕಳ್ಳ ಕೈ ಹಾಕಿದ್ರೆ ಕೋಳಿ ಕೂಗದೆ ಇರ್ತದಾ? ನಿಮ್ಮನೆಯಿಂದ ಎಷ್ಟೋ ಕೂಗು ಕೇಳಿದ್ದೀನಿ. ಕೋಳಿದು ಮಾತ್ರ ಕೇಳಿಲ್ಲ."

ಲೋಕೇಶನ ಕಿವಿ ಬಿಸಿಯಾಯಿತು. ಸರ್ರನೆ ತಿರುಗಿ ಬಂದ.

ಅಂದು ಊಟಕ್ಕೆ ಬಡಿಸುತ್ತಾ ಯಮುನಾ ಕೇಳಿದಳು: "ಕಳ್ಳರು ಸಿಕ್ಕಿದ್ರೆ ಏನ್ ಮಾಡ್ತೀರಿ?"

"ಕೈ ಮುರೀತೀನಿ."

ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಚ್ಚಲಲ್ಲಿ ಜಾರಿಬಿದ್ದು ಮುರಿಯಿತೆಂದು ಅವಳು ಊರಿಗೆಲ್ಲ ಹೇಳಿದ್ದ ಕೈ ಅದು. ಚಳಿಗೆ ಈಗಲೂ ನೋಯುತ್ತಿತ್ತು.

ಗೂಡಿಗೆ ಬೀಗ ಬಿತ್ತು. ಬೇಲಿಗೆ ಮುಳ್ಳುತಂತಿ ಬಂತು. ತಂತಿ ಬಿಗಿಯುವಾಗ ಇನ್ನೊಂದು ತುದಿ ಹಿಡಿದು ನಿಂತವಳು ಯಮುನಾನೇ. ಆದರೂ ಹಗಲು ಮೇಯಲು ಬಿಟ್ಟ ಕೋಳಿಗಳು ಕರಗುತ್ತಲೇ ಹೋದವು. ಕೊನೆಗೆ ಉಳಿದದ್ದು ಕಪ್ಪು ಹೇಂಟೆ ಒಂದೇ.

ಅದರ ಮರುವಾರ, ಶುಕ್ರವಾರ ಮಧ್ಯಾಹ್ನ, ಎಸ್ಟೇಟಿನ ಜೀಪ್ ಡ್ರೈವರ್ ಅಪ್ಪಯ್ಯ ಓಡಿಬಂದ.

"ರೈಟ್ರೇ, ಮಡಿಕೇರಿಲಿ ಒಂದು ಮನೆ ಅಂಗಳದಲ್ಲಿ ಬಾಲ ಮುರಿದ ಹುಂಜ ಕಂಡೆ. ಬೋಳುಕತ್ತಿನದ್ದೂ ಪಕ್ಕದಲ್ಲೇ ಮೇಯ್ತಾ ಉಂಟು. ನಿಮ್ದೇ ಅನ್ನಿಸ್ತು."

"ಹೊರಡು," ಎಂದ ಲೋಕೇಶ್, ಜೀಪು ಹತ್ತುತ್ತಾ. "ಬೊಳ್ಳಪ್ಪ ಇವತ್ತು ಸಂತೆಯಲ್ಲೇ ಇರ್ತಾನೆ. ಮಾಲು ಸಮೇತ ಹಿಡೀತೀನಿ."

ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕಾದ ಮನೆ. ಉದ್ದನೆಯ ಜಗಲಿ, ಅದರ ಹಿಂದೆ ಸಾಲಾಗಿ ಬಾಡಿಗೆ ಕೋಣೆಗಳು. ಅಂಗಳದಲ್ಲಿ ಹುಂಜವಿತ್ತು, ಚುಕ್ಕೆ ಹೇಂಟೆಯಿತ್ತು, ಬೋಳುಕತ್ತು ಮಣ್ಣು ಕೆದರುತ್ತಿತ್ತು. ಕಪ್ಪು ಹೇಂಟೆಯೂ ಅಲ್ಲೇ ಇತ್ತು. ಅಂದು ಬೆಳಿಗ್ಗೆ ಅವನೇ ಬೀಗ ತೆಗೆದು ಹೊರಬಿಟ್ಟಿದ್ದ ಹೇಂಟೆ. ಅದರ ಒಂದು ಕಾಲಿಗೆ ಹೂವಿನ ಬಟ್ಟೆಯ ಪಟ್ಟಿ ಇನ್ನೂ ಸುತ್ತಿಕೊಂಡಿತ್ತು.

ಮನೆಯ ಯಜಮಾನಿ ಬೆಳ್ಳಮ್ಮ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ವಯಸ್ಸಾದವಳು.

"ಇವೆಲ್ಲ ನನ್ನ ಕೋಳಿ!" ಲೋಕೇಶ್ ಕಿರುಚಿದ. "ಕದ್ದ ಮಾಲು. ಆ ಬೊಳ್ಳಪ್ಪ ತಾನೆ ನಿಮಗೆ ಮಾರಿದ್ದು? ಪೊಲೀಸರನ್ನು ಕರೀಲಾ?"

ಅವನ ಸದ್ದಿಗೆ ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದವು. ನರ್ಸ್ ಸಮವಸ್ತ್ರದವಳೊಬ್ಬಳು, ಒದ್ದೆ ತಲೆಯವಳೊಬ್ಬಳು, ಕೈಯಲ್ಲಿ ಸೌಟು ಹಿಡಿದವಳೊಬ್ಬಳು ಬಂದು ಜಗಲಿಯುದ್ದಕ್ಕೂ ನಿಂತರು. ಎಲ್ಲರೂ ಹೆಂಗಸರೇ. ಕೊನೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ಬೆಳ್ಳಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ನಿಧಾನವಾಗಿ ಎದ್ದು, ಆ ಮುಚ್ಚಿದ ಬಾಗಿಲಿಗೆ ಅಡ್ಡ ನಿಂತಳು.

"ಕದ್ದದ್ದೂ ಅಲ್ಲ, ಮಾರಿದ್ದೂ ಅಲ್ಲ, ಲೋಕೇಶ್," ಎಂದಳು. ಅವನಿನ್ನೂ ತನ್ನ ಹೆಸರು ಹೇಳಿರಲಿಲ್ಲ. "ಸಾಕಿದವಳೇ ವಾರಕ್ಕೊಂದರಂತೆ ತಂದು ಬಿಟ್ಲು, ಇವತ್ತು ತಾನೂ ಬಂದ್ಲು."