ಅಮ್ಮನ ಕಾಲುಂಗುರ

ನಮ್ಮ ಕಡಲತೀರದ ಮರಳಿಗೆ ಬಿದ್ದ ಲೋಹವೆಲ್ಲ ಗೆಣಸಿನಂತೆ ಬೆಳೆದು ದೊಡ್ಡದಾಗುತ್ತದೆ. ಅಮ್ಮನ ಒಂದು ಕಾಲುಂಗುರ ಕಾಣದೆ ಕೇಳಿದರೆ, “ಮರಳಲ್ಲಿ ಉಂಟು” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅದು ಅಪ್ಪ ಮದುವೆಯಲ್ಲಿ ತೊಡಿಸಿದ್ದು. ಬೆಳೆದರೆ ಮತ್ತೆ ಬೆರಳಲ್ಲಿ ನಿಲ್ಲದು. ಮೆಟಲ್ ಡಿಟೆಕ್ಟರ್ ಹಿಡಿದು ಓಡಿದೆ. ಯಾರದೋ ಚಮಚ ಸೌಟಾಗಿತ್ತು, ಯಾರದೋ ಮೊಳೆ ಹಾರೆಯಾಗಿತ್ತು, ಬೈಯುತ್ತ ಮುಚ್ಚಿದೆ. ಮಧ್ಯಾಹ್ನ ಮೆಷಿನ್ ಕುಂಯ್ ಎಂದಲ್ಲಿ ಅಗೆದರೆ ಕಾಲುಂಗುರ ಸಿಕ್ಕಿತು. ಆಗಲೇ ಮೂರು ಬೆರಳು ತೂರುವಷ್ಟಾಗಿತ್ತು. ತಲೆ ತಗ್ಗಿಸಿ ಅಮ್ಮನಿಗೆ ಕೊಟ್ಟೆ.

“ಎಂತಕ್ಕೆ ಕಿತ್ತದ್ದು ಮಾರಾಯ? ಬಳೆ ಆಗ್ಲಿ ಅಂತ ನಾನೇ ನೆಟ್ಟದ್ದು.”

“ಹೇಳ್ಲಿಕ್ಕೆ ಎಂತ ಆಗಿತ್ತು?”

“ನೀನು ನಿಂತದ್ದೆಲ್ಲಿ ಕೇಳ್ಲಿಕ್ಕೆ? ಹೋಗು, ಪುನಃ ಹೂತು ಬಾ.”

ನಾನು ಗೊಣಗುತ್ತ ಹೊರಟಾಗ ಅಮ್ಮ ಇನ್ನೊಂದು ಕಾಲುಂಗುರವನ್ನೂ ಕಳಚಿ ಕೊಟ್ಟಳು.

“ಇದನ್ನೂ ನೆಡು. ಒಂದೇ ಕೈಗೆ ಬಳೆ ಹಾಕಿದ್ರೆ ನಿನ್ನಪ್ಪ ನಗಾಡ್ತಾರೆ.”