ಬೇಲಿಯಾಚೆಯ ಸಂಬಂಧ

ಬೇಲಿಯ ಆಚೆಯಿಂದ ಒಂದು ಕೈ ಮೇಲೆದ್ದು ಬಂತು. ಕೈಯಲ್ಲೊಂದು ಹೂವಿನ ಗೊಂಚಲು. ಈಚೆ ನಿಂತಿದ್ದ ಧೃತಿ ಅದನ್ನು ಗಬಕ್ಕನೆ ಇಸಿದುಕೊಂಡು, ಕೋಟಿನೊಳಗೆ ಬಚ್ಚಿಟ್ಟು, ಹಾಲು ಕುಡಿದ ಬೆಕ್ಕಿನಂತೆ ಮನೆಯೊಳಗೆ ನುಸುಳಿದಳು.

ಮಹಡಿಯ ಕಿಟಕಿಯಲ್ಲಿದ್ದ ವೇದಾಳ ಎದೆ ಧಸಕ್ಕೆಂದಿತು. ಹೂವಿಗಲ್ಲ. ಕೈ ಬಂದದ್ದು ರೋಜರ್‌ನ ಮನೆಯಿಂದ.

ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕೋ ಉಳಿಯಬೇಕೋ ಎಂದು ವೋಟು ನಡೆದ ವರ್ಷ ರೋಜರ್ ತನ್ನ ಕಿಟಕಿಗೆ 'ಲೀವ್' ಎಂದು ಅಂಟಿಸಿದ್ದ. ವೇದಾಳ ಗಂಡ ಡಾಕ್ಟರ್ ಶಶಿಧರ ಅದರ ಎರಡರಷ್ಟು ದೊಡ್ಡ 'ರಿಮೇನ್' ಅಂಟಿಸಿದ. ಪಿನ್ನರ್‌ನ ಆ ಬೀದಿಯೇ ಎರಡು ಹೋಳಾಯಿತು. ಒಂದು ಪಕ್ಷದವರ ಬಾರ್ಬೆಕ್ಯೂಗೆ ಇನ್ನೊಂದು ಪಕ್ಷದವರು ಕಾಲಿಡಲಿಲ್ಲ. ನಾಯಿಗಳಿಗೂ ವಾಕಿಂಗ್ ಹೊತ್ತು ಬೇರೆಯಾಯಿತು. ಬ್ರಿಟನ್ ಯುರೋಪಿನಿಂದ ಹೊರಬಿದ್ದ ದಿನ ರೋಜರ್ ಹಿತ್ತಲಲ್ಲಿ ಪಟಾಕಿ ಹಾರಿಸಿದ. ಶಶಿಧರ ಪರದೆ ಎಳೆದು, ಸೂತಕದ ಮನೆಯೆಂಬಂತೆ ಎಲ್ಲರಿಗೂ ಸಪ್ಪೆ ಅನ್ನ ತಿನ್ನಿಸಿದ. ಮರುವಾರ ಬೇಲಿ ಒಂದಡಿ ಬೆಳೆಯಿತು. ಅಲ್ಲಿಂದೀಚೆಗೆ ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ.

ಈಗ ಹೂವು!

"ಯಾರೇ ಕೊಟ್ಟಿದ್ದು?" ವೇದಾ ಮೆಟ್ಟಿಲಲ್ಲೇ ಮಗಳನ್ನು ಅಡ್ಡಗಟ್ಟಿದಳು.

"ಟಾಮ್." ರೋಜರ್‌ನ ಮೊಮ್ಮಗ. ಎತ್ತರದ ಹುಡುಗ, ನಕ್ಕರೆ ಕೆನ್ನೆಯಲ್ಲಿ ಗುಳಿ. "ಅಮ್ಮಾ, ಪ್ಲೀಸ್. ಐ ಪ್ರಾಮಿಸ್ಡ್. ಇದು ನಾನು ಹೇಳೋ ವಿಷಯ ಅಲ್ಲ."

ಇಪ್ಪತ್ತೈದರ ಹುಡುಗಿ ತುಟಿ ಕಚ್ಚಿ ನಗು ತಡೆದುಕೊಂಡು ಓಡಿಹೋದಳು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆಮೇಲಂತೂ ಒಂದರ ಹಿಂದೊಂದು ಸಿಕ್ಕವು. ಬಾತ್‌ರೂಮಿನ ಬಾಗಿಲ ಹಿಂದಿನಿಂದ ಪಿಸುಮಾತು: "ಟಾಮ್, ಸ್ಯಾಟರ್ಡೇ, ಹ್ಯಾರೋ ರಿಜಿಸ್ಟರ್ ಆಫೀಸ್. ಡ್ಯಾಡ್‌ಗೆ ಮಾತ್ರ ಗೊತ್ತಾಗಬಾರದು."

ವೇದಾ ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಗಂಡನ ಕಿವಿಗೆ ಹಾಕಿದಳು. ಊಟದ ತಟ್ಟೆ ಹಾರಿತು.

"ಆ ಲೀವ್ ಮಂದಿ ಮನಿಗೆ ನಮ್ಮನಿ ಹೆಣ್ಣೇನು? ನನ್ನ ಜೀವ ಇರೂತನಕ ಆಗೂದಿಲ್ಲ!"

ಮೂಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ ಅತ್ತೆ ನೀಲವ್ವ ತಲೆ ಎತ್ತಿದರು. "ಯಾಕ ಒದರಾಕತ್ತೀಯೋ ಶಶ್ಯಾ? ನಮ್ಮನಿ ಹೆಣ್ಣಿಗೆ ಬಾಯಿಲ್ಲೇನು? ಆಕಿ ಮನಸಿನಾಗ ಏನೈತಿ, ಕೇಳೀ ಏನು?"

"ಅವ್ವಾ, ಆಂವ ಪಟಾಕಿ ಹಾರಿಸಿದ್ದು ಮರತಿಯೇನು?"

"ಪಟಾಕಿ ನೆನಪೈತಿ ನಿನಗ. ಕೊರೋನಾದಾಗ ನೀ ದವಾಖಾನ್ಯಾಗ ಹಗಲೂ ರಾತ್ರಿ ದುಡದು ಸಾಯಾಕತ್ತಿದ್ದಿ. ಗುರುವಾರಕ್ಕೊಮ್ಮೆ ಊರ ಮಂದಿ ಡಾಕ್ಟರಿಗೆ ಶಾಬಾಸ್ ಅನ್ನೂವಾಗ ಆಂವ ನಮ್ಮನಿ ಕಡೆ ಮಾರಿ ಮಾಡಿ, ನಿನ್ನ ಹೆಸರ ಹಿಡದು ತಾಟು ಬಡೀತಿದ್ದ. ಹೇಂತಿನ್ನ ಕಳಕೊಂಡ ವಾರದಾಗೂ ಬಡದ."

"ನಿನಗ ಹೆಂಗ ಗೊತ್ತು?"

"ಈ ಕಡೆ ನಿಂತು ನಾನೂ ಬಡೀತಿದ್ನಲ್ಲ!"

ವೇದಾಳಿಗೆ ಅತ್ತೆಯ ಮೇಲೆ ಅಕ್ಕರೆ ಉಕ್ಕಿತು. ಗಂಡನನ್ನು ಕಳೆದುಕೊಂಡು ಧಾರವಾಡ ಬಿಟ್ಟು ಬಂದ ಜೀವ. ಇತ್ತೀಚೆಗೆ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಹೋಗಿ ಬರುವುದೊಂದೇ ತಿರುಗಾಟ. ಆದರೂ ಮೊಮ್ಮಗಳ ಸುಖಕ್ಕಾಗಿ ಮಗನನ್ನೇ ಎದುರು ಹಾಕಿಕೊಳ್ಳುತ್ತಿದ್ದಾರಲ್ಲ!

ಶನಿವಾರ ಬಂತು. ರೋಜರ್‌ನ ಮನೆ ಮುಂದೆ ಸೂಟು ತೊಟ್ಟ ಟಾಮ್ ಕಾರಿನ ಬಾಗಿಲು ತೆರೆದು ಹಿಡಿದ. ಧೃತಿ ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿದಳು. ಕಾರು ಹೊರಟೇಬಿಟ್ಟಿತು.

"ರೀ! ಹೋದ್ರು ರೀ!"

ಶಶಿಧರ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ತೂರಿಸಿಕೊಂಡು ತಮ್ಮ ಕಾರಿನತ್ತ ಓಡಿದ. ಅತ್ತೆಯನ್ನೂ ಕರೆಯೋಣವೆಂದರೆ ಅವರು ಬೆಳಿಗ್ಗೆಯೇ ಕ್ಲಾಸಿಗೆಂದು ಹೋಗಿಯಾಗಿತ್ತು.

ಮೊದಲ ಸಿಗ್ನಲ್ಲಿನಲ್ಲಿ ಶಶಿಧರ ಪೊಲೀಸರನ್ನು ಕರೆಯುತ್ತೇನೆಂದ. ಎರಡನೆಯದರಲ್ಲಿ ಅತ್ತ. ವೇದಾಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಮೈಸೂರಿನ ತಾನು ಧಾರವಾಡದವನನ್ನು ಕಟ್ಟಿಕೊಳ್ಳುತ್ತೇನೆ ಎಂದಾಗ ಅಪ್ಪ ಥೇಟ್ ಹೀಗೇ ಕುಣಿದಿದ್ದರು.

"ನಿಲ್ಸೋಕೆ ಹೋಗೋದು ಬೇಡಾರೀ," ಎಂದಳು. "ಹರಸೋಕೆ ಹೋಗೋಣ. ದೇಶ ಒಡೀತು, ಬೀದಿ ಒಡೀತು. ಮನೆ ಒಡೆಯೋದು ಬೇಡ."

ಶಶಿಧರ ಮೂಗೊರೆಸಿಕೊಂಡ. ಆಮೇಲೆ ಷರತ್ತುಗಳು ಶುರುವಾದವು. "ದೀಪಾವಳಿ ನಮ್ಮನ್ಯಾಗ. ಕ್ರಿಸ್‌ಮಸ್ಸೂ ನಮ್ಮನ್ಯಾಗ. ಊಟಕ್ಕ ಕೂತಾಗ ರೋಜರ್ ಯುರೋಪಿನವರು ಬ್ರಿಟನ್ನಿನ ಮೀನು ಹಿಡೀತಾರಂತ ತಕರಾರು ಎತ್ತಬಾರದು."

"ಆಯ್ತು."

"ಬೇಲಿ ತೆಗಸೂ ಖರ್ಚು ಅವಂದು."

"ಆಯ್ತು ರೀ, ಮುಂದೆ ನೋಡಿ ಓಡಿಸಿ!"

ರಿಜಿಸ್ಟರ್ ಆಫೀಸಿನ ಬಾಗಿಲನ್ನು ಇಬ್ಬರೂ ಒಟ್ಟಿಗೇ ದೂಡಿದರು. ಒಳಗೆ ಅಧಿಕಾರಿಣಿ ಆಗಷ್ಟೇ ಕೇಳುತ್ತಿದ್ದಳು: ಈ ಮದುವೆಗೆ ಯಾರದಾದರೂ ಆಕ್ಷೇಪವಿದೆಯೇ?

"ಇಲ್ಲ!" ಶಶಿಧರ ಇಂಗ್ಲಿಷಿನಲ್ಲಿ ಕೂಗಿದ. ಏದುಸಿರು, ಕಣ್ಣಲ್ಲಿ ನೀರು. "ನಾನು ಹುಡುಗಿ ಕಡೆಯವನು! ನಮ್ಮ ಮನೆಯ ಹೆಣ್ಣನ್ನು ರೋಜರ್ ಮನೆಗೆ ಕೊಡೋಕೆ ನನಗೆ ಪೂರ್ತಿ ಒಪ್ಪಿಗೆ! ಸಂತೋಷದಿಂದ ಕೊಡ್ತಿದ್ದೀನಿ!"

ಕೋಣೆ ಚಪ್ಪಾಳೆಯಿಂದ ತುಂಬಿತು. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವರು ಸಾಕ್ಷಿಗಳ ಕುರ್ಚಿಯಲ್ಲಿ ಅಕ್ಕಪಕ್ಕ ಕೂತಿದ್ದ ಇಬ್ಬರು: ಧೃತಿ ಮತ್ತು ಟಾಮ್.

ಮೇಜಿನ ಮುಂದೆ ರೋಜರ್‌ನ ಕೈ ಹಿಡಿದು ನಿಂತಿದ್ದ ವಧು ಮೆಲ್ಲನೆ ತಿರುಗಿದರು. "ಬಂದ್ಯಾ ಶಶ್ಯಾ?" ಎಂದರು ನೀಲವ್ವ. "ಭಾಳ ಚಲೋ ಆತು. ಬಾ, ನಿನ್ನ ಹೊಸ ಅಪ್ಪಗ ನಮಸ್ಕಾರ ಮಾಡು."